ಸೂಜಿಗಲ್ಲಿನಿಂದ ಸೂಪಾದವರೆಗೆ

ಸಂಘದ ವಾರ್ಷಿಕ ಸಂಚಿಕೆಗೆ ಚರಿತ್ರೆಯ ಲೇಖನವೆಂದರೆ ಗೋವೆಯ ಕದಂಬರ ಶಾಸನಗಳನ್ನು ಕುರಿತು ಬರೆಯುವುದು ರೂಢಿ. ಕದಂಬರ ಮೇಲೆ ನಮಗೆ ಗೌರವ ಕಡಮೆಯೇನೂ ಇಲ್ಲ. ಆದರೆ ಈ ಸಲ ವಾಚಕರ ಮುಂದೆ ಬೇರೊಂದು ಚರಿತ್ರೆಯನ್ನು ಇಡಬೇಕೆಂದು ನಮಗೆ ತೋರಿದೆ. ಅದು ಮಡಗಾಂವಿನ ನಮ್ಮ ಮನೆಗಳಲ್ಲಿ ಸಂಜೆ ಹೊತ್ತುವ ದೀಪದ ಚರಿತ್ರೆ. ನಾವು ಕನ್ನಡ ಪಂಡಿತರು, ಭೌತಶಾಸ್ತ್ರವನ್ನು ಬೋಧಿಸತಕ್ಕವರಲ್ಲ. ಆದರೂ ಕನ್ನಡ ಮಾಧ್ಯಮದ ಮಕ್ಕಳು ವಿಜ್ಞಾನದ ಪುಸ್ತಕವನ್ನು ಹಿಡಿದುಕೊಂಡು ಬಂದು ‘ಅಯಸ್ಕಾಂತ’ವೆಂದರೇನು, ‘ವಿದ್ಯುತ್ಪ್ರೇರಣೆ’ಯೆಂದರೇನು ಎಂದು ಕೇಳುವುದು ನಮ್ಮನ್ನೇ. ಪದವನ್ನು ಬಿಡಿಸಹೋದರೆ ಅದರ ಹಿಂದೆ ಒಂದು ಕಥೆ, ಆ ಕಥೆಯ ಹಿಂದೆ ಒಂದು ನದಿ, ನದಿಯ ಅಡಿಯಲ್ಲಿ ಒಂದು ಊರು ದೊರೆಯುತ್ತವೆ.

ಮೊದಲು ಪದಗಳನ್ನೇ ನೋಡೋಣ. ಅಯಸ್ ಎಂದರೆ ಕಬ್ಬಿಣ, ಕಾಂತನೆಂದರೆ ಪ್ರಿಯನಾದವನು. ಕಬ್ಬಿಣಕ್ಕೆ ಇನಿಯನಾದ ಕಲ್ಲು ಅಯಸ್ಕಾಂತ. ಅಚ್ಚ ಕನ್ನಡದಲ್ಲಿ ಅದನ್ನು ಸೂಜಿಗಲ್ಲು ಎಂದರು. ಸಂಸ್ಕೃತದ ಮಾತು ಪ್ರೇಮವನ್ನು ಕಂಡರೆ ಕನ್ನಡದ ಮಾತು ಕೆಲಸವನ್ನು ಕಂಡಿತು: ಸೂಜಿಯನ್ನು ಸೆಳೆಯುವ ಕಲ್ಲು. ವಿದ್ಯುತ್ ಎಂಬುದು ಮಿಂಚಿನ ಹೆಸರು. ಮಡಗಾಂವಿನ ಪೇಟೆಯಲ್ಲಿ ಕೊಂಕಣಿಗರು ‘ವೀಜ್’ ಹೋಯಿತು ಎಂದಾಗ ನಮ್ಮ ಮಕ್ಕಳು ಅದನ್ನು ಪರಭಾಷೆಯ ಮಾತೆಂದು ತಿಳಿಯುತ್ತಾರೆ. ವಿದ್ಯುತ್ ಎಂಬುದೇ ಪ್ರಾಕೃತದಲ್ಲಿ ವಿಜ್ಜು ಆಗಿ, ಅನಂತರ ವೀಜ್ ಆಯಿತು. ಘಟ್ಟದ ಮೇಲಿನ ನಮ್ಮ ಹಳ್ಳಿಗರಾದರೋ ಇವೆರಡನ್ನೂ ಬಿಟ್ಟು ‘ಕರೆಂಟು’ ಎಂದೇ ಅನ್ನುತ್ತಾರೆ. ಅದರಲ್ಲಿಯೂ ತಪ್ಪೇನಿಲ್ಲ. ಹರಿಯುವುದು ಎಂಬ ಅರ್ಥ ಅದರಲ್ಲಿಯೇ ಅಡಗಿದೆ.

ಸೂಜಿಗಲ್ಲಿನ ಗುಣವು ಪ್ರಾಚೀನರಿಗೆ ತಿಳಿದಿತ್ತು. ಅದರಿಂದ ಉಜ್ಜಿದ ಸೂಜಿಯು ಉತ್ತರ ದಕ್ಷಿಣವಾಗಿ ನಿಲ್ಲುವುದನ್ನು ನಾವಿಕರು ಬಲ್ಲರು. ಪೋರ್ಚುಗೀಸರು ಈ ಕರಾವಳಿಗೆ ಬಂದುದು ಅಂತಹ ಸೂಜಿಯನ್ನು ನಂಬಿಕೊಂಡೇ. ಗೋವೆಯ ಚರಿತ್ರೆಯನ್ನು ಓದುವಾಗ ನಾವು ಕತ್ತಿ, ಇಗರ್ಜಿ, ತೆರಿಗೆಗಳ ಮಾತನ್ನೇ ಹೆಚ್ಚಾಗಿ ಕೇಳುತ್ತೇವೆ. ಒಬ್ಬ ಅಧಿಕಾರಿಯ ಸೂಜಿಯ ಮಾತನ್ನು ಕೇಳುವುದಿಲ್ಲ. ಡೊಂ ಜೊವಾಂವ್ ದಿ ಕಾಸ್ತ್ರೊ ಎಂಬಾತನು 1538ರಲ್ಲಿ ಲಿಸ್ಬನ್ನಿನಿಂದ ಗೋವೆಗೆ ಹಡಗಿನಲ್ಲಿ ಬಂದನು. ದಾರಿಯುದ್ದಕ್ಕೂ ಆತನು ಸೂಜಿಯು ನಿಜವಾದ ಉತ್ತರದಿಂದ ಎಷ್ಟು ಓರೆಯಾಗಿದೆ ಎಂಬುದನ್ನು ಸೂರ್ಯನ ನೆರಳಿನಿಂದ ಅಳೆದು ಬರೆದಿಟ್ಟನು. ಹತ್ತಿರದಲ್ಲಿದ್ದ ಫಿರಂಗಿಯ ಕಬ್ಬಿಣವು ಸೂಜಿಯನ್ನು ಕೆಡಿಸುವುದನ್ನು ಗುರುತಿಸಿದನು. ಮುಂಬಯಿಯ ಕೊಲ್ಲಿಯಲ್ಲಿ, ವಸಯಿಯ ಬಳಿ, ಸೂಜಿಯು ವಿಲಕ್ಷಣವಾಗಿ ವರ್ತಿಸಿದಾಗ ಇದು ಅಲ್ಲಿನ ಬಂಡೆಗಳ ಪ್ರಭಾವವಿರಬೇಕೆಂದು ಊಹಿಸಿದನು. ಭೂಮಿಯೇ ಒಂದು ದೊಡ್ಡ ಅಯಸ್ಕಾಂತವೆಂದು ಸಾರಿದ ಗಿಲ್ಬರ್ಟನ ಗ್ರಂಥವು ಹೊರಬಂದುದು 1600ರಲ್ಲಿ, ಎಂದರೆ ಅದಕ್ಕೆ 62 ವರ್ಷಗಳ ಅನಂತರ. ಈ ಕಾಸ್ತ್ರೊ ಮುಂದೆ ಗೋವೆಯ ಗವರ್ನರನಾಗಿ, ಕೊನೆಯ ದಿನಗಳಲ್ಲಿ ವೈಸರಾಯ್ ಪದವಿಗೇರಿ, 1548ರಲ್ಲಿ ಇಲ್ಲಿಯೇ ತೀರಿಕೊಂಡನು. ಆಳಿದವನೆಂದು ಅವನನ್ನು ಹೊಗಳಬೇಕಾಗಿಲ್ಲ. ಅಳೆದವನೆಂದು ನೆನೆಯುವುದು ಯುಕ್ತ.

ಇಲ್ಲಿ ಒಂದು ಉಪಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಮಡಗಾಂವಿನಲ್ಲಿ ಆಬಾದ್ ಫಾರಿಯಾ ಎಂಬ ರಸ್ತೆಯಿದೆ. ದಿನಾಲು ಅದರಲ್ಲಿ ಓಡಾಡುವ ನಮ್ಮವರಲ್ಲಿ ಎಷ್ಟು ಜನ ಆ ಹೆಸರನ್ನು ವಿಚಾರಿಸಿದ್ದಾರೋ ಕಾಣೆವು. ಈತನು ಬಾರ್ದೇಶದ ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ 1819ರಲ್ಲಿ ತೀರಿಕೊಂಡ ಪಾದ್ರಿ. ಆ ಕಾಲದಲ್ಲಿ ಯುರೋಪಿನಲ್ಲಿ ‘ಪ್ರಾಣಿಕಾಂತತ್ವ’ವೆಂಬ ಒಂದು ಹುಚ್ಚು ಹಬ್ಬಿತ್ತು. ವೈದ್ಯನ ಕೈಯಿಂದ ಕಾಂತದ್ರವವೊಂದು ಹರಿದು ರೋಗಿಯನ್ನು ನಿದ್ರೆಗೆ ಕೆಡವುತ್ತದೆ ಎಂದು ದೊಡ್ಡ ದೊಡ್ಡವರೂ ನಂಬಿದ್ದರು. ಅಂತಹ ದ್ರವವಾವುದೂ ಇಲ್ಲ, ನಿದ್ರೆಯು ಬರುವುದು ನಿದ್ರಿಸುವವನ ಮನಸ್ಸಿನಿಂದಲೇ, ಸೂಚನೆಯ ಬಲದಿಂದಲೇ, ಎಂದು ಫಾರಿಯಾ ವಾದಿಸಿದನು. ಇಂದಿಗೂ ಕಾಂತದ ಕಡಗವನ್ನು ತೊಟ್ಟರೆ ಮಂಡಿನೋವು ಹೋಗುವುದೆಂದು ಜಾತ್ರೆಯಲ್ಲಿ ಮಾರುವವರಿದ್ದಾರೆ. ಇಷ್ಟು ವರ್ಷಗಳ ಹಿಂದೆ ಇದೇ ನೆಲದ ಮಗನೊಬ್ಬನು ಅದಕ್ಕೆ ಉತ್ತರವನ್ನು ಹೇಳಿ ಹೋಗಿದ್ದಾನೆ.

ಕಾಂತಕ್ಕೂ ವಿದ್ಯುತ್ತಿಗೂ ನಂಟಿದೆ ಎಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಇಟಲಿಯ ವೋಲ್ಟನು 1800ರಲ್ಲಿ ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುನಡುವೆ ಉಪ್ಪುನೀರಿನಲ್ಲಿ ನೆನೆದ ಬಟ್ಟೆಯನ್ನಿಟ್ಟು, ನಿಲ್ಲದೆ ಹರಿಯುವ ವಿದ್ಯುತ್ತನ್ನು ಪಡೆದನು. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ಡನು ವಿದ್ಯುತ್ತು ಹರಿಯುತ್ತಿದ್ದ ತಂತಿಯ ಬಳಿ ದಿಕ್ಸೂಚಿಯು ಅಲುಗುವುದನ್ನು ಕಂಡನು. ವಿದ್ಯುತ್ತಿನಿಂದ ಕಾಂತ ಹುಟ್ಟುವುದಾದರೆ ಕಾಂತದಿಂದ ವಿದ್ಯುತ್ತು ಏಕೆ ಹುಟ್ಟಬಾರದು? ಇಂಗ್ಲೆಂಡಿನಲ್ಲಿ ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ದುಡಿದು, ಕಟ್ಟಬೇಕಾದ ಪುಸ್ತಕಗಳನ್ನೇ ಓದಿ ಪಂಡಿತನಾದ ಮೈಕೇಲ್ ಫ್ಯಾರಡೆಯು 1831ರಲ್ಲಿ ಉತ್ತರವನ್ನು ಕಂಡುಕೊಂಡನು. ತಂತಿಯ ಸುರುಳಿಯೊಳಗೆ ಕಾಂತದ ಸಲಾಕೆಯನ್ನು ಸುಮ್ಮನೆ ಇಟ್ಟರೆ ಏನೂ ಆಗದು. ಅದನ್ನು ತಳ್ಳುವಾಗ, ಎಳೆಯುವಾಗ ಮಾತ್ರ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಚಲನೆಯೇ ಬೇಕು.

ಆ ಚಲನೆಯಾದರೂ ಪುಕ್ಕಟೆಯಾಗಿ ದೊರೆಯುವುದಿಲ್ಲ. ಹಳೆಯ ಸೈಕಲ್ಲಿನ ಡೈನಮೊ ಹಿರಿಯರಿಗೆಲ್ಲ ನೆನಪಿರಬಹುದು. ಚಕ್ರಕ್ಕೆ ಅದನ್ನು ತಾಗಿಸಿದೊಡನೆ ದೀಪ ಹೊತ್ತುತ್ತದೆ, ಜೊತೆಗೆ ಪೆಡಲು ಭಾರವಾಗುತ್ತದೆ. ಡೈನಮೊ ಚಕ್ರಕ್ಕೆ ಉಜ್ಜುವುದರಿಂದ ಹೀಗಾಗುತ್ತದೆಂದು ಹುಡುಗರು ಹೇಳುವುದುಂಟು. ಅದು ಅರ್ಧ ಮಾತ್ರ ನಿಜ. ತಂತಿಯಲ್ಲಿ ಹುಟ್ಟಿದ ವಿದ್ಯುತ್ತು ತಾನೇ ಇನ್ನೊಂದು ಕಾಂತವಾಗಿ, ತನ್ನನ್ನು ಹುಟ್ಟಿಸಿದ ಚಲನೆಯನ್ನು ತಡೆಯುತ್ತದೆ. 1834ರಲ್ಲಿ ಲೆಂಟ್ಸ್ ಎಂಬ ವಿಜ್ಞಾನಿಯು ಇದನ್ನು ನಿಯಮವಾಗಿ ಹೇಳಿದನು. ಎಂದರೆ, ಎಲ್ಲಿಯಾದರೂ ಒಂದು ದೀಪ ಹೊತ್ತಿದರೆ ಇನ್ನೆಲ್ಲಿಯೋ ಒಂದು ಪೆಡಲು ಭಾರವಾಗಲೇಬೇಕು. ಇಷ್ಟು ತಿಳಿದಿದ್ದರೆ ನಮ್ಮ ನಾಡಿನ ವಿದ್ಯುತ್ತಿನ ಚರಿತ್ರೆಯನ್ನು ಓದಲು ಸಾಕು. ಪೆಡಲನ್ನು ತುಳಿದವರು ಯಾರು ಎಂಬುದೇ ಆ ಚರಿತ್ರೆಯಲ್ಲಿ ಕೇಳತಕ್ಕ ಪ್ರಶ್ನೆ.

ನಮ್ಮಲ್ಲಿ ಅದನ್ನು ತುಳಿದುದು ಮೊದಲಿಗೆ ನೀರು. ಬೆಳಗಾವಿ ಸೀಮೆಯ ಗೋಕಾಕದಲ್ಲಿ ಘಟಪ್ರಭೆಯ ಜಲಪಾತದ ಬಲದಿಂದ 1887ರ ಸುಮಾರಿಗೆ ನೂಲಿನ ಗಿರಣಿಯು ತಿರುಗತೊಡಗಿತ್ತು. ಆದರೆ ಬೀಳುವ ನೀರನ್ನು ವಿದ್ಯುತ್ತಾಗಿಸಿ ದೂರದೂರಿಗೆ ಒಯ್ಯುವ ಮಹಾಸಾಹಸ ನಡೆದುದು ಕಾವೇರಿಯ ಶಿವನಸಮುದ್ರದಲ್ಲಿ. ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರು ಆ ಯೋಜನೆಯನ್ನು ಕೈಗೆತ್ತಿಕೊಂಡರು. ಜೋಲಿ ದ ಲೊಟ್ಬಿನಿಯೆರ್ ಎಂಬ ಎಂಜಿನಿಯರು ಅದನ್ನು ನಡೆಸಿದನು. ಯಂತ್ರಗಳು ಸಮುದ್ರವನ್ನು ದಾಟಿ ಬಂದವು. ರೈಲಿನಿಂದ ಇಳಿದ ಮೇಲೆ ಅವನ್ನು ಎಳೆದುದು ಎತ್ತುಗಳು, ಆನೆಗಳು. 1902ರ ಜೂನ್ ಕೊನೆಯಲ್ಲಿ ಅಲ್ಲಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ಆಗಿನ ಜಗತ್ತಿನಲ್ಲಿಯೇ ಬಹು ಉದ್ದವಾದ ತಂತಿಮಾರ್ಗಗಳಲ್ಲಿ ಅದೊಂದು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಶೇಷಾದ್ರಿ ಅಯ್ಯರ್ ಅವರಿಗೆ ಇರಲಿಲ್ಲ; 1901ರ ಸೆಪ್ಟೆಂಬರಿನಲ್ಲಿಯೇ ಅವರು ಕಾಲವಶರಾಗಿದ್ದರು.

ಅಷ್ಟು ದೂರ ವಿದ್ಯುತ್ತನ್ನು ಒಯ್ಯುವ ಉಪಾಯವು ಮಕ್ಕಳಿಗೆ ತಿಳಿಸಲು ಯೋಗ್ಯವಾದುದು. ತಂತಿಯಲ್ಲಿ ಪ್ರವಾಹವು ಹೆಚ್ಚಿದಷ್ಟೂ ತಂತಿ ಬಿಸಿಯಾಗಿ ಶಕ್ತಿ ಸೋರಿಹೋಗುತ್ತದೆ; ಪ್ರವಾಹವು ಇಮ್ಮಡಿಯಾದರೆ ಸೋರಿಕೆಯು ನಾಲ್ಮಡಿ. ಆದುದರಿಂದ ಒತ್ತಡವನ್ನು, ಎಂದರೆ ವೋಲ್ಟನ್ನು, ಏರಿಸಿ ಪ್ರವಾಹವನ್ನು ಇಳಿಸುತ್ತಾರೆ. ವೋಲ್ಟು ಹತ್ತು ಪಟ್ಟಾದರೆ ಪ್ರವಾಹವು ಹತ್ತನೆಯ ಒಂದು ಪಾಲು, ಸೋರಿಕೆಯು ನೂರನೆಯ ಒಂದು ಪಾಲು. ಶಿವನಸಮುದ್ರದ ತಂತಿಯಲ್ಲಿದ್ದುದು 35,000 ವೋಲ್ಟು. ಇಂದು ಘಟ್ಟವನ್ನು ಇಳಿಯುವ ದೊಡ್ಡ ಕಂಬಗಳ ಮೇಲಿರುವುದು 2,20,000. ಆ ಕಂಬಗಳಿಗೆ ಅಷ್ಟು ಎತ್ತರವೂ ಅಷ್ಟು ಪಿಂಗಾಣಿ ಬಿಲ್ಲೆಗಳೂ ಏಕೆಂಬುದಕ್ಕೆ ಇದೇ ಕಾರಣ.

ಮೊದಲ ಬೆಳಕು ಹೋದುದು ಚಿನ್ನದ ಗಣಿಗೆ ಎಂಬುದನ್ನು ಗಮನಿಸಬೇಕು. ಬೆಂಗಳೂರಿನ ಬೀದಿಗಳಿಗೆ ಅದು ಬಂದುದು 1905ರ ಆಗಸ್ಟಿನಲ್ಲಿ, ಮೈಸೂರಿಗೆ 1908ರಲ್ಲಿ. ಬೆಂಗಳೂರೇ ಏಷ್ಯದಲ್ಲಿ ಮೊದಲು ವಿದ್ಯುದ್ದೀಪವನ್ನು ಕಂಡ ನಗರವೆಂದು ಸಭೆಗಳಲ್ಲಿ ಅಭಿಮಾನದಿಂದ ಹೇಳುವುದುಂಟು. ಕಲ್ಕತ್ತೆಯಲ್ಲಿ 1899ರಲ್ಲಿಯೇ ವಿದ್ಯುತ್ ಸರಬರಾಜು ಆರಂಭವಾಗಿತ್ತು. ಡಾರ್ಜಿಲಿಂಗಿನ ಸಿದ್ರಾಪೊಂಗಿನಲ್ಲಿ 1897ರಲ್ಲಿಯೇ ನೀರಿನಿಂದ ವಿದ್ಯುತ್ತನ್ನು ತೆಗೆದಿದ್ದರು. ನಮ್ಮ ನಾಡಿನ ಹಿರಿಮೆಗೆ 92 ಮೈಲಿಯ ಆ ತಂತಿಯೇ ಸಾಕು. ಇಲ್ಲದ ಕಿರೀಟವನ್ನು ಏಕೆ ತೊಡಿಸಬೇಕು? ಆ ತಂತಿಯು ಹಾದುಹೋದ ದಾರಿಯ ಹಳ್ಳಿಗಳಲ್ಲಿಯಾದರೋ ಇನ್ನೂ ಬಹುಕಾಲ ಹರಳೆಣ್ಣೆಯ ಹಣತೆಯೇ ಉರಿಯಿತು. ಗಣಿಗೆ ಬೇಸಗೆಯಲ್ಲಿಯೂ ವಿದ್ಯುತ್ತು ತಪ್ಪಬಾರದೆಂಬುದು 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಕನ್ನಂಬಾಡಿಯೆಂಬ ಊರು ನೀರಿನಲ್ಲಿ ಮುಳುಗಿತು, ಅದರ ಹೆಸರು ಮಾತ್ರ ಕಟ್ಟೆಗೆ ಉಳಿಯಿತು. ಚಿನ್ನದ ಗಣಿಯು 2001ರಲ್ಲಿ ಮುಚ್ಚಿತು.

ಈ ಹೊಸ ವಿದ್ಯೆಯನ್ನು ಕನ್ನಡದಲ್ಲಿ ಹೇಳುವ ಯತ್ನವೂ ಬಹಳ ಹಿಂದೆ ಬೀಳಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಎರಡು ವರ್ಷಗಳಷ್ಟೇ ಬಾಳಿತು. ಇದೇ ವೆಂಕಟನಾರಣಪ್ಪನವರು ಪಂಪಭಾರತವನ್ನು ಪರಿಷ್ಕರಿಸಿದವರೂ ಹೌದು. ಕಾಂತವನ್ನು ಬಲ್ಲವರು ಪಂಪನನ್ನು ಓದಲಾರರು, ಪಂಪನನ್ನು ಓದಿದವರಿಗೆ ಕಾಂತವು ಬೇಡ ಎಂಬ ಗೋಡೆ ಆ ತಲೆಮಾರಿಗೆ ಇರಲಿಲ್ಲ. ಮುಂದೆ ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಬರೆದುದು ಇದೇ ಹಾದಿಯಲ್ಲಿ. ವಿಜ್ಞಾನವನ್ನು ಕನ್ನಡದಲ್ಲಿ ಓದಿದರೆ ಮಗು ಹಿಂದೆ ಬೀಳುವುದೆಂದು ಹೆದರುವ ತಾಯಿತಂದೆಗಳಿಗೆ ನಾವು ಈ ಹೆಸರುಗಳನ್ನು ಹೇಳುವುದುಂಟು.

ಇನ್ನು ಶರಾವತಿ. ಜೋಗದಲ್ಲಿ ನೀರು 253 ಮೀಟರು ಎತ್ತರದಿಂದ ಬೀಳುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಅಷ್ಟೆತ್ತರದಿಂದ ಎಷ್ಟು ನೀರು ಬೀಳಬೇಕು? ಲೆಕ್ಕ ಕಷ್ಟವಲ್ಲ: ಯಂತ್ರದ ನಷ್ಟವನ್ನು ಬಿಟ್ಟರೆ ಸುಮಾರು 1,450 ಲೀಟರು, ನಷ್ಟವನ್ನು ಹಿಡಿದರೆ ಇನ್ನೂ ಹೆಚ್ಚು. ನಮ್ಮ ತಾಯಂದಿರು ಬಾವಿಯಿಂದ ಹೊರುತ್ತಿದ್ದ ಕೊಡದ ಅಳತೆಯಲ್ಲಿ ಹೇಳುವುದಾದರೆ ನೂರು ಕೊಡ ನೀರು ಜೋಗದ ನೆತ್ತಿಯಿಂದ ಬುಡಕ್ಕೆ ಧುಮುಕಿದಾಗ ಹತ್ತು ವಾಟಿನ ಒಂದು ದೀಪ ಹೆಚ್ಚೆಂದರೆ ನೂರು ಗಂಟೆ ಉರಿದೀತು. ಹಿರೇಭಾಸ್ಕರದಲ್ಲಿ ಕಟ್ಟೆಯನ್ನು ಕಟ್ಟಿ, 1948ರ ಹೊತ್ತಿಗೆ ಜೋಗದ ಬಳಿ ವಿದ್ಯುದಾಗಾರವನ್ನು ನಡೆಸಿದರು. ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರನ್ನಿಟ್ಟರು. ಅದು ಸಾಲದೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಹಳೆಯ ಕಟ್ಟೆಯೇ ಹೊಸ ಕಟ್ಟೆಯ ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟ ವರ್ಷ ಬೇಸಗೆಯಲ್ಲಿ ಅದು ಮೇಲೆ ಕಾಣಿಸಿಕೊಳ್ಳುತ್ತದೆ. ಶಿವನಸಮುದ್ರದಲ್ಲಿ ಮೊದಲಿಗೆ 4 ಸಾವಿರ ಕಿಲೋವಾಟುಗಳಷ್ಟಿದ್ದ ಸಾಮರ್ಥ್ಯವು ಶರಾವತಿಯ ಹತ್ತು ಯಂತ್ರಗಳಿಂದ 10 ಲಕ್ಷವನ್ನು ಮೀರಿತು.

ಪೆಡಲಿನ ಭಾರ ಯಾರ ಮೇಲೆ ಬಿದ್ದಿತು? ಸಾಗರ, ಹೊಸನಗರ ಸೀಮೆಗಳ ಅಡಕೆಯ ತೋಟಗಳೂ ಬತ್ತದ ಗದ್ದೆಗಳೂ ಮನೆಗಳೂ ನೀರಿನ ಪಾಲಾದವು. ಕುಟುಂಬಗಳನ್ನು ಲಾರಿಗಳಲ್ಲಿ ತುಂಬಿ ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ಇಳಿಸಿದರು. ಅರಣ್ಯಭೂಮಿಯಲ್ಲಿ ನೆಲೆಗೊಂಡ ಬಹಳ ಮಂದಿಗೆ ಅರ್ಧ ಶತಮಾನ ಕಳೆದರೂ ಹಕ್ಕುಪತ್ರ ದೊರೆಯಲಿಲ್ಲ. ಹಿನ್ನೀರಿನಾಚೆ ಉಳಿದ ತುಮರಿಯ ಕಡೆಯವರು ಅರುವತ್ತು ವರ್ಷ ಲಾಂಚಿನಲ್ಲಿಯೇ ಹೊಳೆಯನ್ನು ದಾಟಿದರು. ಅವರಿಗೆ ಸೇತುವೆಯಾದುದು 2025ರ ಜುಲೈಯಲ್ಲಿ. ಈ ಮುಳುಗಡೆಯ ಕಥೆಯನ್ನು ಕನ್ನಡಕ್ಕೆ ತಂದುಕೊಟ್ಟವರು ಸಾಗರದ ನಾ. ಡಿಸೋಜರು. ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ದುಡಿಯುತ್ತಲೇ ಆ ಯೋಜನೆಯನ್ನು ಹತ್ತಿರದಿಂದ ಕಂಡು ‘ಮುಳುಗಡೆ’, ‘ದ್ವೀಪ’ ಎಂಬ ಕಾದಂಬರಿಗಳನ್ನು ಬರೆದರು. ಅವರ ಮನೆಮಾತು ಕೊಂಕಣಿ. ಇಲ್ಲಿ ಕೊಂಕಣಿಗರ ನಡುವೆ ಕನ್ನಡಿಗರಾಗಿ ಬಾಳುವ ನಾವು, ಕನ್ನಡಿಗರ ನಡುವೆ ಕೊಂಕಣಿಗರಾಗಿ ಬಾಳಿ 2025ರ ಜನವರಿಯಲ್ಲಿ ತೀರಿಕೊಂಡ ಆ ಹಿರಿಯರನ್ನು ವಿಶೇಷ ಪ್ರೀತಿಯಿಂದ ಓದಬೇಕು.

ಗೋವೆಯತ್ತ ಬರೋಣ. ಪೋರ್ಚುಗೀಸರ ಕಾಲದಲ್ಲಿ ಇಲ್ಲಿ ವಿದ್ಯುತ್ತು ಕೆಲವು ಪಟ್ಟಣಗಳ ಸೊತ್ತಾಗಿತ್ತು. 1961ರ ಡಿಸೆಂಬರ್ 19ರಂದು ಗೋವೆಯು ವಿಮೋಚನೆ ಹೊಂದಿತು. 1963ರಲ್ಲಿ ವಿದ್ಯುತ್ ಇಲಾಖೆಯು ಏರ್ಪಟ್ಟಿತು. ಇಲ್ಲಿ ದೊಡ್ಡ ಜಲಪಾತ ಯೋಜನೆಯಿಲ್ಲ, ಕಲ್ಲಿದ್ದಲಿನ ಗಣಿಯಿಲ್ಲ. ಆದಕಾರಣ ಘಟ್ಟದ ಮೇಲಿನ ಮೈಸೂರು ರಾಜ್ಯದಿಂದ, 1973ರ ಅನಂತರದ ಹೆಸರಿನಲ್ಲಿ ಕರ್ನಾಟಕದಿಂದ, ತಂತಿಗಳು ಇಳಿದುಬಂದವು. ಇಂದಿಗೂ ದಾಂಡೇಲಿಯ ಬಳಿಯ ಅಂಬೇವಾಡಿಯಿಂದ ಫೋಂಡೆಗೂ, ಮಡಗಾಂವಿಗೆ ಸಮೀಪದ ಶೆಲ್ದೆಂಗೂ ದೊಡ್ಡ ತಂತಿಮಾರ್ಗಗಳಿವೆ. ಅಂಬೇವಾಡಿಯೆಂದರೆ ಕಾಳಿನದಿಯ ನಾಡು.

ಕಾಳಿಯ ದಂಡೆಯಲ್ಲಿ, ಪಾಂಢರಿ ಹೊಳೆಯು ಬಂದು ಕೂಡುವಲ್ಲಿ, ಸೂಪಾ ಎಂಬ ಊರಿತ್ತು. ಅದು ತಾಲೂಕಿನ ಮುಖ್ಯ ಸ್ಥಳ. ಕಚೇರಿಗಳು, ಸಂತೆ, ದೇವಸ್ಥಾನ ಎಲ್ಲವೂ ಇದ್ದ ಊರು. 1980ರ ದಶಕದಲ್ಲಿ 101 ಮೀಟರು ಎತ್ತರದ ಸೂಪಾ ಅಣೆಕಟ್ಟು ಪೂರ್ಣವಾದಾಗ ಊರು ನೀರಿನಡಿಗೆ ಹೋಯಿತು. ಅಲ್ಲಿ ತಡೆದ ನೀರೇ ಕೆಳಗೆ ಅಂಬಿಕಾನಗರದ ಬಳಿಯ ನಾಗಝರಿಯಲ್ಲಿ ಯಂತ್ರಗಳನ್ನು ತಿರುಗಿಸುತ್ತದೆ. ತಾಲೂಕಿಗೆ ಜೋಯಿಡಾ ಎಂಬ ಹೆಸರು ಬಂದಿತು. ಸೂಪಾ ಅಣೆಕಟ್ಟಿನ ಹೆಸರಾಗಿ ಉಳಿಯಿತು, ಕನ್ನಂಬಾಡಿಯ ಹಾಗೆಯೇ. ಅದೇ ನದಿಯ ಕೆಳದಂಡೆಯಲ್ಲಿ, ಕೈಗಾದಲ್ಲಿ, 2000ದಿಂದ ಅಣುವಿದ್ಯುತ್ತು ಹುಟ್ಟುತ್ತಿದೆ. ಅಲ್ಲಿನ ಒಂದನೆಯ ಘಟಕವು 962 ದಿನ ಎಡೆಬಿಡದೆ ನಡೆದು 2018ರ ಕೊನೆಯ ದಿನ ನಿಂತಿತು. ಅಣುವೆಂದೊಡನೆ ಬೇರೆಯೇ ಮಾಯೆಯೆಂದು ತಿಳಿಯಬೇಕಾಗಿಲ್ಲ. ಯುರೇನಿಯಮ್ಮಿನ ಶಾಖದಿಂದ ನೀರು ಆವಿಯಾಗುತ್ತದೆ, ಆವಿಯು ಚಕ್ರವನ್ನು ತಿರುಗಿಸುತ್ತದೆ. ಅಲ್ಲಿಂದ ಮುಂದೆ ಫ್ಯಾರಡೆಯ ಅದೇ ಕಾಂತ, ಅದೇ ಸುರುಳಿ. ಕಲ್ಲಿದ್ದಲಿನದೂ ಅದೇ ಕಥೆ. ಬಿಸಿಲಿನಿಂದ ನೇರವಾಗಿ ವಿದ್ಯುತ್ತನ್ನು ತೆಗೆಯುವ ಫಲಕಗಳಲ್ಲಿ ಮಾತ್ರ ತಿರುಗುವ ಕಾಂತವಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಅಂತಹ ಕೇಂದ್ರಕ್ಕೆ ರೈತರ ಭೂಮಿಯನ್ನು ಕೊಂಡುಕೊಳ್ಳದೆ ವರ್ಷದ ಬಾಡಿಗೆಗೆ ಪಡೆದಿದ್ದಾರೆ. ಸೂಪಾಕ್ಕೆ ಹೋಲಿಸಿದರೆ ಇದು ಮೇಲು. ಭೂಮಿಯಿಲ್ಲದ ಕೂಲಿಯವನಿಗಾದರೋ ಬಾಡಿಗೆಯೂ ಇಲ್ಲ, ಹೊಲದ ಕೆಲಸವೂ ಇಲ್ಲ.

ಮಡಗಾಂವಿನ ದೀಪವೆಲ್ಲವೂ ಕಾಳಿಯ ನೀರಿನದೆಂದು ನಾವು ಹೇಳುತ್ತಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರಗಳ ನಡುವಣ ತಂತಿಯಿಂದ ದಕ್ಷಿಣದ ಜಾಲವು ಉಳಿದ ಭಾರತದ ಜಾಲಕ್ಕೆ ಸೇರಿತು. ಅಂದಿನಿಂದ ದೇಶಕ್ಕೆಲ್ಲ ಒಂದೇ ಕೆರೆ, ಯಾವ ನೀರು ಯಾರ ಕೊಡಕ್ಕೆ ಬಂದಿತೆಂದು ವಿಂಗಡಿಸಲಾಗದು. ಗಡಿಯ ಜಗಳಗಳಲ್ಲಿ ಎರಡು ಊರುಗಳ ಹೆಸರನ್ನು ಕೇಳಿ ಬೇಸತ್ತವರಿಗೆ, ಅವನ್ನು ಕೂಡಿಸಿದ ಈ ತಂತಿಯ ಸುದ್ದಿ ಹಿತವಾಗಬಹುದು. ಗೋವೆಯ ಪಾಲಿನಲ್ಲಿ ಕೊರ್ಬಾ, ವಿಂಧ್ಯಾಚಲಗಳ ಕಲ್ಲಿದ್ದಲಿನ ವಿದ್ಯುತ್ತೂ ಇದೆ. ಅಲ್ಲಿಯೂ ಗಣಿಗಾಗಿ ಊರು ಬಿಟ್ಟವರಿದ್ದಾರೆ. ಧಾರವಾಡದ ಬಳಿಯ ನರೇಂದ್ರದಿಂದ ಶೆಲ್ದೆಂಗೆ 4,00,000 ವೋಲ್ಟಿನ ಹೊಸ ಮಾರ್ಗವನ್ನು ಎಳೆಯುವ ಯೋಜನೆಯಾದಾಗ, ಘಟ್ಟದ ಕಾಡನ್ನು ಎಷ್ಟು ಕಡಿಯಬಹುದೆಂಬ ವಾದವು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2022ರಲ್ಲಿ ಕೊಂಕಣ ರೈಲ್ವೆಯ ಮಾರ್ಗವೆಲ್ಲ ವಿದ್ಯುತ್ತಿನದಾಯಿತು. ಮಡಗಾಂವಿನ ನಿಲ್ದಾಣದಲ್ಲಿ ರೈಲನ್ನು ಎಳೆಯುವುದೂ ಈಗ ಡೈನಮೊವನ್ನೇ ತಿರುವುಮುರುವಾಗಿ ನಡೆಸಿದಂತಹ ಯಂತ್ರ: ವಿದ್ಯುತ್ತನ್ನು ಕೊಟ್ಟರೆ ಅದು ಚಲನೆಯನ್ನು ಕೊಡುತ್ತದೆ.

ಊರಿಗೆ ಹೋಗುವಾಗ ನಮ್ಮವರಲ್ಲಿ ಅನೇಕರು ಅನಮೋಡದ ಘಟ್ಟವನ್ನು ಹತ್ತಿ ಬೆಳಗಾವಿಯ ಕಡೆಗೆ ಬಸ್ಸಿನಲ್ಲಿ ಹೋಗುತ್ತಾರೆ. ಘಟ್ಟದ ಮೇಲೆ ರಾಮನಗರವೆಂಬ ಊರು ಸಿಗುತ್ತದೆ. ಚಹಾ ಕುಡಿಯಲು ಇಳಿದವರು, ಮಕ್ಕಳು ಜೊತೆಯಲ್ಲಿದ್ದರೆ, ಅಲ್ಲಿನ ಹಿರಿಯರೊಬ್ಬರನ್ನು ‘ಅಜ್ಜಾ, ನಿಮ್ಮ ಮೂಲದ ಊರು ಯಾವುದು?’ ಎಂದು ಕೇಳಿಸಬಹುದು. ಸೂಪಾ ಮುಳುಗಿದಾಗ ಅಲ್ಲಿನವರನ್ನು ತಂದು ನೆಲೆಗೊಳಿಸಿದ ಊರು ಅದು.